ಕಾರಿಗೆ ಹ್ಯಾಮ್ ರೇಡಿಯೋ: ಕಡಿಮೆ ದುಡ್ಡಿನಲ್ಲಿ ನಾನು ಹಾಕಿಕೊಂಡ ಬಗೆ

ಕಾರಿಗೆ ಹ್ಯಾಮ್ ರೇಡಿಯೋ (ಲೈಸೆನ್ಸ್ ಪಡೆದ ಹವ್ಯಾಸಿಗಳು ಒಬ್ಬರೊಡನೊಬ್ಬರು ಮಾತಾಡಲು ಬಳಸುವ ರೇಡಿಯೋ) ಹಾಕಬೇಕು ಅಂದುಕೊಂಡವರು ಸಾಮಾನ್ಯವಾಗಿ ಮೊದಲು ರೇಡಿಯೋ ಹುಡುಕಲು ಶುರು ಮಾಡುತ್ತಾರೆ. ಅದು ಬಂದ ಮೇಲೆ ಉಳಿದ ದುಡ್ಡಿನಲ್ಲಿ ಆಂಟೆನಾ, ಅದರಲ್ಲೂ ಉಳಿದರೆ ವೈರು. ನಾನು ಈ ಸಾಲನ್ನು ಹಿಂದುಮುಂದು ಮಾಡಿದೆ. ಮೊದಲು ಆಂಟೆನಾ, ಆಮೇಲೆ ಕರೆಂಟಿನ ವೈರು ಮತ್ತು ಫ್ಯೂಸು, ಮಿಕ್ಕಿದ್ದರಲ್ಲಿ ರೇಡಿಯೋ. ದುಡ್ಡು ಕಡಿಮೆ ಇರುವವರಿಗೆ ಇದೇ ಸರಿಯಾದ ಕ್ರಮ ಎಂದು ನಾನು ನಂಬಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ಅದಕ್ಕೂ ಮುಂಚೆ ಕಾರಿನಲ್ಲಿ ಹ್ಯಾಂಡಿಯನ್ನೇ (ಕೈಯಲ್ಲಿ ಹಿಡಿಯುವ ವಾಕಿಟಾಕಿ) ಬಳಸುತ್ತಿದ್ದೆ. 5 ವ್ಯಾಟ್ ಪವರ್, ಮೇಲೆ ಗಿಡ್ಡ ರಬ್ಬರ್ ಆಂಟೆನಾ. ಸುತ್ತಲೂ ಲೋಹದ ಮೈ ಇರುವ ಕಾರಿನೊಳಗೆ ಕೂತು ಪಿಟಿಟಿ (ಮಾತಾಡುವ ಗುಂಡಿ) ಒತ್ತಿದರೆ ಸಿಗ್ನಲ್ ಕಿಟಕಿಗಳಿಂದ ನುಸುಳಿಕೊಂಡೇ ಹೊರಗೆ ಹೋಗಬೇಕು. ಹಾಗಾಗಿ ಮೊದಲು ಕೊಂಡಿದ್ದು ಒಂದು ಮ್ಯಾಗ್ನೆಟ್ ಬೇಸು, ಅದರ ಮೇಲೆ ಎರಡು ಮೀಟರ್ ಬ್ಯಾಂಡಿನ (145 ಮೆಗಾಹರ್ಟ್ಸ್ ಸುತ್ತಿನ ಅಲೆಗಳ) ಕ್ವಾರ್ಟರ್ ವೇವ್ ಕಡ್ಡಿ (ಅಲೆಯ ಉದ್ದದ ಕಾಲು ಭಾಗದಷ್ಟಿರುವ ಆಂಟೆನಾ), ಜೊತೆಗೆ ಹ್ಯಾಂಡಿಗೆ ಸಿಕ್ಕಿಸಲು ಒಂದು ಅಡಾಪ್ಟರು. ಅಷ್ಟೇ. ಅದನ್ನು ಕಾರಿನ ಚಾವಣಿಯ ನಡುವೆ ಇಟ್ಟು ಅದೇ ಹ್ಯಾಂಡಿಯಲ್ಲಿ ಕರೆದಾಗ, ಮೊದಲು ಕರಕರ ಶಬ್ದದಲ್ಲಿ ಮುಳುಗಿ ಹೋಗುತ್ತಿದ್ದ ರಿಪೀಟರ್ (ನಮ್ಮ ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಕಳಿಸುವ, ಎತ್ತರದಲ್ಲಿರುವ ರೇಡಿಯೋ) ಸ್ಪಷ್ಟವಾಗಿ ಉತ್ತರ ಕೊಟ್ಟಿತು. ಪವರ್ ಅದೇ 5 ವ್ಯಾಟ್. ದೊಡ್ಡ ರೇಡಿಯೋ ಕೊಳ್ಳುವ ಮುಂಚೆ ಈ ಒಂದು ಪ್ರಯೋಗ ಮಾಡಿ ನೋಡಿ. ಕೆಲವರಿಗೆ ಇಲ್ಲೇ ಕೆಲಸ ಮುಗಿಯುತ್ತದೆ. ಮುಗಿಯದಿದ್ದರೂ ಆಂಟೆನಾ ವ್ಯರ್ಥ ಆಗುವುದಿಲ್ಲ, ನಾಳೆ ಬರುವ ರೇಡಿಯೋಗೆ ಅದೇ ಆಗುತ್ತದೆ.

ವಿಎಚ್‌ಎಫ್, ಯುಎಚ್‌ಎಫ್ (ಎರಡು ಮೀಟರ್, ಮತ್ತು 435 ಮೆಗಾಹರ್ಟ್ಸ್ ಸುತ್ತಿನ 70 ಸೆಂಟಿಮೀಟರ್ ಬ್ಯಾಂಡಿನ) ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಎಷ್ಟು ದೂರ ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. ಒಂದೂವರೆ ಮೀಟರ್ ಎತ್ತರದ ಕಾರಿಗೆ ಅದು ಸುಮಾರು 5 ಕಿ.ಮೀ. ಸುತ್ತಲಿನ ನೆಲಕ್ಕಿಂತ 300 ಮೀಟರ್ ಎತ್ತರದ ಗುಡ್ಡದ ಮೇಲಿರುವ ರಿಪೀಟರಿಗೆ ಸುಮಾರು 71 ಕಿ.ಮೀ. ಎರಡನ್ನೂ ಕೂಡಿಸಿದರೆ 76. ನಡುವೆ ಬೇರೆ ಗುಡ್ಡ, ಕಟ್ಟಡ ಅಡ್ಡ ಬರದಿದ್ದರೆ ಈ ದೂರಕ್ಕೆ ದೊಡ್ಡ ಪವರ್ ಬೇಕಾಗಿಲ್ಲ. ಗುಡ್ಡ ಅಡ್ಡ ಬಂದರೆ ಪವರ್ ಜಾಸ್ತಿ ಮಾಡಿದರೂ ಉಪಯೋಗ ಅಷ್ಟಕ್ಕಷ್ಟೇ.

ಪವರಿನ ಲೆಕ್ಕವನ್ನೂ ಹೀಗೇ ಹಾಕಿದೆ. 5 ವ್ಯಾಟಿನಿಂದ 25 ವ್ಯಾಟಿಗೆ ಹೋದರೆ 7 ಡಿಬಿ (ಡೆಸಿಬೆಲ್, ಸಿಗ್ನಲ್ ಎಷ್ಟು ಪಟ್ಟು ಏರಿತು ಅಥವಾ ಇಳಿಯಿತು ಅನ್ನುವ ಅಳತೆ) ಲಾಭ. ಕೇಳುವವರ ರೇಡಿಯೋದ ಸಿಗ್ನಲ್ ಮೀಟರಿನಲ್ಲಿ ಒಂದು ಎಸ್-ಯೂನಿಟ್ ಅಂದರೆ 6 ಡಿಬಿ, ಹಾಗಾಗಿ ಒಂದು ಮೆಟ್ಟಿಲು ಮೇಲೆ. ಇದು ಗೊತ್ತಾಗುವಂಥ ವ್ಯತ್ಯಾಸ. 25ರಿಂದ 50ಕ್ಕೆ ಹೋದರೆ ಬರೀ 3 ಡಿಬಿ, ಅರ್ಧ ಮೆಟ್ಟಿಲು. ಆ ಅರ್ಧ ಮೆಟ್ಟಿಲಿಗಾಗಿ ಸುಮಾರು ಎರಡರಷ್ಟು ಕರೆಂಟು, ಜಾಸ್ತಿ ಬಿಸಿ, ದೊಡ್ಡ ಪೆಟ್ಟಿಗೆ. ನನಗೆ 25 ವ್ಯಾಟ್ ಸಾಕು ಅನಿಸಿತು.

ಆಂಟೆನಾ ಆರಿಸುವಾಗ ಡಬ್ಬದ ಮೇಲೆ ಬರೆದ ಗೇನ್ (ಆಂಟೆನಾ ಸಿಗ್ನಲ್ಲನ್ನು ಒಂದು ಕಡೆಗೆ ಎಷ್ಟು ಒಟ್ಟುಗೂಡಿಸುತ್ತದೆ ಅನ್ನುವುದು) ಅಂಕಿ ನೋಡಿ ನಿರ್ಧಾರ ಮಾಡಬೇಡಿ. ಕೆಲವರು ಎಲ್ಲ ದಿಕ್ಕಿಗೂ ಸಮನಾಗಿ ಕಳಿಸುವ ಕಲ್ಪನೆಯ ಆಂಟೆನಾಗೆ ಹೋಲಿಸಿ ಡಿಬಿಐ ಬರೆಯುತ್ತಾರೆ, ಕೆಲವರು ಡೈಪೋಲ್ ಎಂಬ ಸರಳ ಆಂಟೆನಾಗೆ ಹೋಲಿಸಿ ಡಿಬಿಡಿ. ಎರಡರ ನಡುವೆ 2.15 ಡಿಬಿ ವ್ಯತ್ಯಾಸ ಇದೆ. ಬರೀ ಡಿಬಿ ಅಂತ ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಎರಡು ಮೀಟರಿನ ಕ್ವಾರ್ಟರ್ ವೇವ್ ಕಡ್ಡಿ ಸುಮಾರು 50 ಸೆಂ.ಮೀ. ಉದ್ದ. ಒಳಗೆ ಕಾಯಿಲ್ ಇಲ್ಲ, ಕೆಡುವುದಕ್ಕೆ ಏನೂ ಇಲ್ಲ, ತಗ್ಗಾದ ಪಾರ್ಕಿಂಗಿನಲ್ಲೂ ಅಷ್ಟಾಗಿ ತಾಗುವುದಿಲ್ಲ. ಅದೇ ಕಡ್ಡಿ 70 ಸೆಂಟಿಮೀಟರ್ ಬ್ಯಾಂಡಿನಲ್ಲಿ ಮುಕ್ಕಾಲು ವೇವ್ ಆಗುತ್ತದೆ, ರೇಡಿಯೋಗೆ ಹೊಂದಿಕೊಳ್ಳುತ್ತದೆ. ಆದರೆ ಅಲ್ಲಿ ಸಿಗ್ನಲ್ ದಿಗಂತದ ಕಡೆಗೆ ಹೋಗುವ ಬದಲು ಮೇಲಕ್ಕೆ ಜಾಸ್ತಿ ಹೋಗುತ್ತದೆ. ನನ್ನ ಮಾತುಕತೆ ಹೆಚ್ಚಾಗಿ ಎರಡು ಮೀಟರಿನಲ್ಲೇ ಆದ್ದರಿಂದ ಅದನ್ನು ಒಪ್ಪಿಕೊಂಡೆ. 70 ಸೆಂಟಿಮೀಟರನ್ನೇ ಜಾಸ್ತಿ ಬಳಸುವವರು ಎರಡೂ ಬ್ಯಾಂಡಿಗೆ ಮಾಡಿದ ಒಂದು ಮೀಟರ್ ಉದ್ದದ ಆಂಟೆನಾ ತೆಗೆದುಕೊಳ್ಳಬೇಕು.

ಕ್ವಾರ್ಟರ್ ವೇವ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಅಲ್ವಾ? ಅದರ ಇನ್ನೊಂದು ಅರ್ಧ ಅಂದರೆ ಕಾರಿನ ಚಾವಣಿ. ಹಾಗಾಗಿ ಜಾಗ ಬಹಳ ಮುಖ್ಯ. ಚಾವಣಿಯ ನಟ್ಟನಡುವೆ ಇಟ್ಟರೆ ಎಲ್ಲ ದಿಕ್ಕಿಗೂ ಸಮನಾಗಿ ಹೋಗುತ್ತದೆ. ಬಂಪರಿನ ಹತ್ತಿರವೋ ಡಿಕ್ಕಿಯ ಮೂಲೆಯಲ್ಲೋ ಇಟ್ಟರೆ ಕಾರಿನ ಮೈಯೇ ಒಂದು ಕಡೆ ಅಡ್ಡ ನಿಲ್ಲುತ್ತದೆ. ಚಾವಣಿಗೆ ತೂತು ಕೊರೆದು ಕೂರಿಸುವ ಎನ್‌ಎಂಒ ಮೌಂಟ್ ಎಲ್ಲಕ್ಕಿಂತ ಒಳ್ಳೆಯದು, ಅದರಲ್ಲಿ ಅನುಮಾನ ಇಲ್ಲ. ಆದರೆ ಕಾರು ಮಾರುವ ಯೋಚನೆ ಇದ್ದರೆ ಮ್ಯಾಗ್ನೆಟ್ ಸಾಕು. ನಿಮ್ಮ ಚಾವಣಿ ಅಲ್ಯೂಮಿನಿಯಮ್ಮೋ ಗಾಜೋ ಆಗಿದ್ದರೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಕೊಳ್ಳುವ ಮುಂಚೆ ಮನೆಯಲ್ಲಿರುವ ಯಾವುದಾದರೂ ಆಯಸ್ಕಾಂತ ಇಟ್ಟು ನೋಡಿ.

ಬೇಸಿನ ಜೊತೆ ಬರುವ ಕೇಬಲ್ಲನ್ನು ಗಮನಿಸುವವರು ಕಡಿಮೆ. ತೆಳ್ಳಗಿನ ಆರ್‌ಜಿ-174 ಬಾಗಿಲ ಸಂದಿಯಲ್ಲಿ ಸಲೀಸಾಗಿ ಹೋಗುತ್ತದೆ, ಆದರೆ ಸಿಗ್ನಲ್ ನಷ್ಟ ಸ್ವಲ್ಪ ದಪ್ಪನೆಯ ಆರ್‌ಜಿ-58ರ ಸುಮಾರು ಎರಡರಷ್ಟು. ನಾಲ್ಕು ಮೀಟರ್ ಆರ್‌ಜಿ-58ರಲ್ಲಿ 145 ಮೆಗಾಹರ್ಟ್ಸಿಗೆ 1 ಡಿಬಿಯೊಳಗೇ ನಷ್ಟ. 435ರಲ್ಲಿ ಒಂದೂವರೆ ಡಿಬಿಯ ಹತ್ತಿರ. ನಾನು ಆರ್‌ಜಿ-58 ಇರುವ ಬೇಸನ್ನೇ ಹುಡುಕಿ ತಂದೆ. ಹಿಂದಿನ ಬಾಗಿಲಿನ ರಬ್ಬರ್ ಮೆತ್ತಗಿರುವ ಕಡೆ ಒಳಗೆ ತಂದು, ಒಳಗೆ ಬರುವ ಮುಂಚೆ ಕೇಬಲ್ಲನ್ನು ಸ್ವಲ್ಪ ಕೆಳಕ್ಕೆ ಜೋಲು ಬಿಟ್ಟೆ. ಮಳೆ ನೀರು ಕೇಬಲ್ ಹಿಡಿದು ಒಳಗೆ ಬಾರದೆ ಅಲ್ಲೇ ತೊಟ್ಟಿಕ್ಕುತ್ತದೆ.

ಇನ್ನು ರೇಡಿಯೋ. ಕಡಿಮೆ ದುಡ್ಡಿಗೆ ಎರಡು ದಾರಿ ಕಂಡವು. ಒಂದು, ಬರೀ ಎರಡು ಮೀಟರಿನ ಗಟ್ಟಿಮುಟ್ಟು ರೇಡಿಯೋ. ಕೆನ್‌ವುಡ್ ಟಿಎಂ-281ಎ, ಐಕಾಮ್ ಐಸಿ-2300ಎಚ್ ಈ ಜಾತಿಯವು, ಎರಡೂ 65 ವ್ಯಾಟ್. ಹಳೆಯದಾಗಿ ಸಿಕ್ಕರೂ ಧೈರ್ಯವಾಗಿ ತೆಗೆದುಕೊಳ್ಳಬಹುದು. ಇನ್ನೊಂದು, ಎರಡು ಬ್ಯಾಂಡಿನ ಪುಟ್ಟ ರೇಡಿಯೋಗಳು. ಎನಿಟೋನ್ ಎಟಿ-778ಯುವಿ, ಕ್ಯೂವೈಟಿ ಕೆಟಿ-8900 ಅಂಥವು, 25 ವ್ಯಾಟಿನವು. ಅಂಗೈಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಎಲ್ಲಿ ಬೇಕಾದರೂ ಕೂರುತ್ತವೆ. ನನ್ನ ಕಾರಿನಲ್ಲಿ ಜಾಗ ಕಡಿಮೆ, ಎರಡೂ ಬ್ಯಾಂಡ್ ಬೇಕಿತ್ತು. ಹಾಗಾಗಿ ಎರಡನೆಯ ಜಾತಿಯದನ್ನೇ ಆರಿಸಿಕೊಂಡೆ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಪರದೆಯ ಮೇಲೆ ಎರಡು ಫ್ರೀಕ್ವೆನ್ಸಿ ಕಂಡರೆ ಒಳಗೆ ಎರಡು ರಿಸೀವರ್ ಇವೆ ಅಂತ ಅಲ್ಲ. ಪುಟ್ಟ ರೇಡಿಯೋಗಳಲ್ಲಿ ಸಾಮಾನ್ಯವಾಗಿ ಒಂದೇ ರಿಸೀವರ್, ಅದು ಒಂದಾದ ಮೇಲೊಂದು ಇಣುಕಿ ನೋಡುತ್ತದೆ. ಒಂದರಲ್ಲಿ ಮಾತು ನಡೆಯುತ್ತಿದ್ದರೆ ಇನ್ನೊಂದು ಕೇಳುವುದಿಲ್ಲ. ಎರಡನೆಯದು, ಕಡಿಮೆ ಬೆಲೆಯ ಬಹಳಷ್ಟು ರೇಡಿಯೋಗಳಲ್ಲಿ ರಿಸೀವರ್ ಪೂರ್ತಿ ಒಂದೇ ಚಿಪ್ಪಿನಲ್ಲಿರುತ್ತದೆ. ಮೊಬೈಲ್ ಟವರ್, ಟಿವಿ ಟವರುಗಳ ಹತ್ತಿರ ಹೋದಾಗ ಆ ಜೋರು ಸಿಗ್ನಲ್ಲುಗಳಿಗೆ ಅದು ಕಿವುಡಾಗುತ್ತದೆ. ದಿನಾ ಟವರುಗಳ ನಡುವೆ ಓಡಾಡುವವರಿಗೆ ಸೂಪರ್‌ಹೆಟ್ (ಸಿಗ್ನಲ್ಲನ್ನು ಹಂತಹಂತವಾಗಿ ಸೋಸುವ) ರಿಸೀವರ್ ಇರುವ ಒಂದು ಬ್ಯಾಂಡಿನ ರೇಡಿಯೋ ಮೇಲು.

ಕರೆಂಟಿನ ಕೆಲಸಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಸಮಯ ಕೊಟ್ಟೆ, ಕೊಡಲೇಬೇಕು. ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಪವರ್ ತೆಗೆಯುವುದು ಸುಲಭ. ಆದರೆ ಅದರ ವೈರು ತೆಳು, ಸ್ಪ್ರಿಂಗ್ ಸಂಪರ್ಕ ಸಡಿಲ, ಆಲ್ಟರ್ನೇಟರಿನ ಗದ್ದಲವೂ ಸೇರಿಕೊಳ್ಳುತ್ತದೆ. 25 ವ್ಯಾಟಿನ ರೇಡಿಯೋ ಮಾತಾಡುವಾಗ 5–6 ಆಂಪಿಯರ್ ಎಳೆಯುತ್ತದೆ. 50 ವ್ಯಾಟಿನದು 10–12. ಬ್ಯಾಟರಿಯಿಂದ ನಾಲ್ಕು ಮೀಟರ್ ದೂರ ಅಂದರೆ ಹೋಗಿ ಬರುವ ವೈರು ಎಂಟು ಮೀಟರ್. 1 ಚದರ ಮಿ.ಮೀ. ತಾಮ್ರದ ವೈರಾದರೆ 6 ಆಂಪಿಯರಿಗೆ ದಾರಿಯಲ್ಲೇ ಸುಮಾರು 0.85 ವೋಲ್ಟ್ ಕಳೆದುಹೋಗುತ್ತದೆ. 4 ಚದರ ಮಿ.ಮೀ. ವೈರಿನಲ್ಲಿ ಬರೀ 0.2 ವೋಲ್ಟ್. ರೇಡಿಯೋಗೆ ಬೇಕಿರುವುದು 13.8, ಎಂಜಿನ್ ನಿಂತಾಗ ಬ್ಯಾಟರಿ ಕೊಡುವುದೇ 12.6ರ ಆಸುಪಾಸು. ನಾನು 4 ಚದರ ಮಿ.ಮೀ. ಎಳೆದೆ. ಮುಂದೆ 50 ವ್ಯಾಟಿನ ರೇಡಿಯೋ ಬಂದರೂ ಫ್ಯೂಸು ಮಾತ್ರ ಬದಲಿಸಿದರೆ ಸಾಕು.

ಪಾಸಿಟಿವ್ ವೈರಿನ ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ರೇಡಿಯೋ ಹತ್ತಿರ ಅಲ್ಲ. ಫ್ಯೂಸು ಕಾಯುವುದು ಮೊದಲು ವೈರನ್ನು. ಎಂಜಿನ್ ಗೋಡೆಯ ತೂತಿನ ಅಂಚಿಗೆ ಉಜ್ಜಿ ವೈರು ಕಾರಿನ ಲೋಹದ ಮೈಗೆ ತಾಗಿದರೆ, ಬ್ಯಾಟರಿ ಹತ್ತಿರ ಫ್ಯೂಸು ಇಲ್ಲದಿದ್ದಾಗ ಬೆಂಕಿಯೇ. ಆ ತೂತಿನಲ್ಲಿ ರಬ್ಬರ್ ಗ್ರಾಮೆಟ್ (ಅಂಚು ಮುಚ್ಚುವ ಬಳೆ) ಇದೆಯಾ ಎಂದು ಕೈಯಿಂದ ಮುಟ್ಟಿ ನೋಡಿ. ನೆಗೆಟಿವ್ ವಿಷಯದಲ್ಲಿ ಹಳೆಯ ಪುಸ್ತಕಗಳು ನೇರ ಬ್ಯಾಟರಿಗೆ ಹಾಕಿ ಅನ್ನುತ್ತವೆ. ಆದರೆ ಈಗಿನ ಹಲವು ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯಲ್ಲಿ ಕರೆಂಟ್ ಅಳೆಯುವ ಸೆನ್ಸರ್ ಇರುತ್ತದೆ. ನೇರವಾಗಿ ಹಾಕಿದರೆ ರೇಡಿಯೋ ಎಳೆದ ಕರೆಂಟು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಅಂಥ ಕಾರಿನಲ್ಲಿ ಬ್ಯಾಟರಿಯ ಅರ್ಥ್ ವೈರು ಮೈಗೆ ಸೇರುವ ಬೋಲ್ಟಿಗೇ ನೆಗೆಟಿವ್ ಕೊಡಬೇಕು. ನಾನು ಹಾಗೇ ಮಾಡಿದೆ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ಲುಗಳ ಹತ್ತಿರ ಕೈ ಹಾಕಲೇಬೇಡಿ, ಅವು ನೂರಾರು ವೋಲ್ಟಿನವು.

ಕೂರಿಸುವ ಜಾಗಕ್ಕೆ ನನ್ನ ನಿಯಮ ಸರಳ: ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಯಲ್ಲಿ ರೇಡಿಯೋ, ಮೈಕು, ವೈರು ಯಾವುದೂ ಇರಬಾರದು. ಡ್ಯಾಶಿನ ಕೆಳಗೆ, ಗೇರಿನ ಪಕ್ಕ ಬ್ರಾಕೆಟ್ ಹಾಕಿ ಹಿಂದೆ ಗಾಳಿ ಆಡಲು ಜಾಗ ಬಿಟ್ಟೆ. ಪುಟ್ಟ ರೇಡಿಯೋದ ಸ್ಪೀಕರ್ ರಸ್ತೆಯ ಸದ್ದಿನಲ್ಲಿ ಕೇಳುವುದಿಲ್ಲ, ಹೊರಗಿನದೊಂದು ಸ್ಪೀಕರ್ ಕಿವಿಯ ಎತ್ತರಕ್ಕೆ ಸಿಕ್ಕಿಸಿ.

ಎಲ್ಲ ಜೋಡಿಸಿದ ಮೇಲೆ ಎಸ್‌ಡಬ್ಲ್ಯೂಆರ್ (ಪವರಿನಲ್ಲಿ ಎಷ್ಟು ಆಂಟೆನಾದಿಂದ ವಾಪಸ್ ಬರುತ್ತದೆ ಅಂತ ತಿಳಿಸುವ ಅಂಕಿ) ನೋಡದೆ ಪೂರ್ತಿ ಪವರಿನಲ್ಲಿ ಮಾತಾಡಬೇಡಿ. 27 ಮೆಗಾಹರ್ಟ್ಸಿನ ಸಿಬಿ ರೇಡಿಯೋದ ಮೀಟರ್ ಇಲ್ಲಿ ನಡೆಯುವುದಿಲ್ಲ, ವಿಎಚ್‌ಎಫ್‌ಗೆ ಆಗುವಂಥದೇ ಬೇಕು. ನಾನು ಗೆಳೆಯರಿಂದ ನ್ಯಾನೋವಿಎನ್‌ಎ ಎಂಬ ಪುಟ್ಟ ಅಳತೆಯ ಉಪಕರಣ ಇಸಿದುಕೊಂಡೆ. ಅಂಕಿ 1.5 ಇದ್ದರೆ ಪವರಿನ 4 ಶೇಕಡಾ ವಾಪಸ್ ಬರುತ್ತದೆ, 2 ಇದ್ದರೆ 11, 3 ಇದ್ದರೆ 25. 1.5ರ ಕೆಳಗೆ ಬಂದರೆ ಸುಮ್ನೆ ಬಿಟ್ಟುಬಿಡಿ, ಇನ್ನೂ ಇಳಿಸಲು ಹೋಗಬೇಡಿ. ಬ್ಯಾಂಡಿನ ಕೆಳತುದಿಯಲ್ಲಿ ಅಂಕಿ ಚೆನ್ನಾಗಿದ್ದು ಮೇಲೆ ಹೋದಂತೆ ಕೆಟ್ಟರೆ ಕಡ್ಡಿ ಉದ್ದ ಆಗಿದೆ ಅಂತ ಅರ್ಥ. ಒಂದೆರಡು ಮಿಲಿಮೀಟರಿನಂತೆ ಮಾತ್ರ ಕತ್ತರಿಸಿ. ಅಳೆಯುವಾಗ ಬಾಗಿಲು ಮುಚ್ಚಿರಲಿ, ಪಕ್ಕದಲ್ಲಿ ಯಾರೂ ನಿಲ್ಲದಿರಲಿ.

ಚಾನೆಲ್ಲುಗಳನ್ನು ಚಿರ್ಪ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತುಂಬಿದೆ. ರಿಪೀಟರ್ ತೆರೆಯದಿದ್ದರೆ ಮೊದಲು ನೋಡಬೇಕಾದ್ದು ಮೂರು: ಆಫ್‌ಸೆಟ್ (ರಿಪೀಟರ್ ಕೇಳುವ ಮತ್ತು ಕಳಿಸುವ ಫ್ರೀಕ್ವೆನ್ಸಿಗಳ ಅಂತರ) ಎಷ್ಟು, ಅದು ಕೂಡಿಸಬೇಕೋ ಕಳೆಯಬೇಕೋ, ರಿಪೀಟರನ್ನು ತೆರೆಯಲು ಧ್ವನಿಯ ಜೊತೆ ಹೋಗುವ ಟೋನ್ ಸರಿಯಿದೆಯಾ. ಎರಡು ಮೀಟರಿನಲ್ಲಿ ಆಫ್‌ಸೆಟ್ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. ಇಂಥ ರೇಡಿಯೋಗಳು ಹ್ಯಾಮ್ ಬ್ಯಾಂಡಿನ ಆಚೆಗೂ ಟ್ರಾನ್ಸ್‌ಮಿಟ್ ಮಾಡಬಲ್ಲವು. ಅದೇ ಸಾಫ್ಟ್‌ವೇರಿನಲ್ಲಿ ನಿಮ್ಮ ಲೈಸೆನ್ಸ್ ಒಪ್ಪುವ ಮಿತಿಗೆ ಬೀಗ ಹಾಕಿಬಿಡಿ, ಆಟೋ ಪವರ್ ಆಫ್ ಕೂಡ ಆನ್ ಮಾಡಿ. ಸುಮ್ಮನೆ ಕೇಳುತ್ತಿರುವ ರೇಡಿಯೋ ಕೂಡ ಕೆಲವು ನೂರು ಮಿಲಿಆಂಪಿಯರ್ ಎಳೆಯುತ್ತದೆ. ಮರೆತು ಬಿಟ್ಟರೆ ಬ್ಯಾಟರಿ ಖಾಲಿ.

ಎಂಜಿನ್ ವೇಗದ ಜೊತೆ ಏರಿಳಿಯುವ ಸಿಳ್ಳೆ ನಿಮ್ಮ ಧ್ವನಿಯಲ್ಲಿ ಕೇಳಿಸುತ್ತಿದೆ ಅಂತ ಯಾರಾದರೂ ಹೇಳಿದರೆ ಅದು ಆಲ್ಟರ್ನೇಟರಿನದು. ಅರ್ಥ್ ಬೋಲ್ಟನ್ನು ಉಜ್ಜಿ ಮತ್ತೆ ಬಿಗಿ ಮಾಡಿ. ಎಂಜಿನ್ ವೇಗಕ್ಕೆ ಸಂಬಂಧವೇ ಇಲ್ಲದ ಗುಂಯ್ ಸದ್ದು ಕೇಳುವಾಗ ಬಂದರೆ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್ ಒಂದೊಂದಾಗಿ ಕಿತ್ತು ನೋಡಿ. ನನ್ನ ಕಾರಿನಲ್ಲಿ ಅದು ಚಾರ್ಜರಿನಿಂದಲೇ ಬರುತ್ತಿತ್ತು. ಚಾರ್ಜರ್ ಬದಲಿಸಿದೆ, ಸದ್ದು ಹೋಯಿತು.

ಈಗ ಮಾಡುವ ಆರೈಕೆ ಸ್ವಲ್ಪವೇ. ಆಗಾಗ ಮ್ಯಾಗ್ನೆಟ್ಟನ್ನು ಎಳೆಯದೆ ಎತ್ತಿ, ಅಡಿಯ ಧೂಳು ಒರೆಸಿ, ಚಾವಣಿಯನ್ನೂ ಒರೆಸಿ ಇಡುತ್ತೇನೆ. ಕಬ್ಬಿಣದ ಪುಡಿ ಅಡಿಯಲ್ಲಿ ಸೇರಿದರೆ ಬಣ್ಣ ಗೀರುತ್ತದೆ. ಆಂಟೆನಾ ಕೇಬಲ್ಲಿನ ತುದಿಯ ಪಿಎಲ್-259 ಕನೆಕ್ಟರನ್ನು ಕೈಯಲ್ಲೇ ಒಮ್ಮೆ ಬಿಗಿ ಮಾಡುತ್ತೇನೆ. ಕಾರಿನ ಅಲುಗಾಟಕ್ಕೆ ಮೊದಲು ಸಡಿಲವಾಗುವುದು ಅದೇ.