ಮಗುವಿನ ಅಳು ಸಹಿಸಲಾಗದವರಿಗೆ

ಮಗು ಅತ್ತಾಗ ಮೈ ಪರಚಿಕೊಳ್ಳುವಂತಾಗುತ್ತದೆ ಎಂದು ಹೇಳಿಕೊಳ್ಳಲು ಹಲವರಿಗೆ ನಾಚಿಕೆ. ನನಗೂ ಇತ್ತು. ಆದರೆ ಆ ದನಿಯೇ ಹಾಗೆ: ಸೈರನ್ನಿನಂತೆ ಒರಟು, ಮಿದುಳು ಅದನ್ನು ಅಪಾಯದ ಕರೆಯೆಂದೇ ಗ್ರಹಿಸುತ್ತದೆ. ಹೆಗಲ ಮೇಲಿನ ಕೂಸಿನ ಅಳು 100 ಡೆಸಿಬಲ್ ದಾಟುವುದೂ ಉಂಟು. ನಿದ್ದೆಗೆಟ್ಟವರಿಗೆ, ಮೈಗ್ರೇನ್ ಇರುವವರಿಗೆ ಇನ್ನೂ ಕಷ್ಟ.

ಔಷಧದ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಇಯರ್‌ಪ್ಲಗ್ ಹಾಕಿಕೊಂಡೇ ಮಗುವನ್ನು ಎತ್ತಿಕೊಳ್ಳಿ. ಅಳು ಕೇಳಿಸುತ್ತದೆ, ಚುಚ್ಚುವುದಿಲ್ಲ. (ಅತ್ತೆಯವರು ಏನೆಂದುಕೊಂಡರೂ ಸರಿ.) ಹಾಲು, ಒದ್ದೆ ಬಟ್ಟೆ, ಜ್ವರ ಎಲ್ಲ ನೋಡಿದ ಮೇಲೂ ಅಳು ನಿಲ್ಲದೆ ಸಿಟ್ಟು ನೆತ್ತಿಗೇರಿದರೆ, ತೊಟ್ಟಿಲಲ್ಲಿ ಅಂಗಾತ ಮಲಗಿಸಿ 5–10 ನಿಮಿಷ ಪಕ್ಕದ ಕೋಣೆಗೆ ಹೋಗಿ. ಎಂದಿಗೂ ಜೋರಾಗಿ ಕುಲುಕಬೇಡಿ; ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಸಾಮಾನ್ಯವಾಗಿ 6ನೇ ವಾರದ ಸುಮಾರಿಗೆ ಹೆಚ್ಚುವ ಅಳು 3–4 ತಿಂಗಳ ಹೊತ್ತಿಗೆ ಇಳಿಯುತ್ತದೆ.