ಜಿಂಕೆಮರಿಗೆ ಕಾಲರ್: ಹುಟ್ಟಿದ ದಿನವೇ ತಲುಪಬೇಕು

ಬಿಳಿಬಾಲದ ಜಿಂಕೆಯ ಮರಿಗಳು ಸಾಯುವುದು ಬಹುಪಾಲು ಮೊದಲ ಕೆಲವು ವಾರಗಳಲ್ಲೇ. ಹುಲ್ಲಿನಲ್ಲಿ ಹುಡುಕಿ ಹಿಡಿದ ಐದು ದಿನದ ಮರಿ ಆಗಲೇ ಒಂದು ಗಂಡಾಂತರ ದಾಟಿ ಬಂದಿರುತ್ತದೆ. ಅಂಥವನ್ನಷ್ಟೇ ಎಣಿಸಿದರೆ ಬದುಕುಳಿಯುವ ಪ್ರಮಾಣ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಹಾಗಾಗಿ ಅಮೆರಿಕದ ಪೆನ್ಸಿಲ್ವೇನಿಯಾದ ಕಾಡಿನಲ್ಲಿ, ಮರಿಗಳ ಕುತ್ತಿಗೆಗೆ ರೇಡಿಯೊ ಕಾಲರ್ ಹಾಕಿ ಎಷ್ಟು ಬದುಕುಳಿಯುತ್ತವೆಂದು ಎಣಿಸುವ ನಮ್ಮ ಕೆಲಸ ಚಳಿಗಾಲದಲ್ಲೇ, ತಾಯಿಯಿಂದಲೇ ಶುರುವಾಗುತ್ತದೆ.

ಬಸುರಿ ಜಿಂಕೆಗೆ ಅರಿವಳಿಕೆ ಕೊಟ್ಟು ಯೋನಿಯೊಳಗೆ ಪುಟ್ಟ ಟ್ರಾನ್ಸ್‌ಮಿಟರ್ ಇಡುತ್ತೇವೆ. ಮೇ ಕೊನೆ, ಜೂನ್ ಆರಂಭದಲ್ಲಿ ಮರಿಯ ಜೊತೆ ಅದೂ ಹೊರಬಿದ್ದು ತಣ್ಣಗಾದಾಗ ಸಿಗ್ನಲ್‌ನ ಬಡಿತ ಬದಲಾಗುತ್ತದೆ. ಬಿಸಿಲಿಗೆ ಬಿದ್ದರೆ ಮತ್ತೆ ಕಾದು ಹಳೇ ಬಡಿತಕ್ಕೇ ಮರಳಬಹುದು. ಹಾಗಾಗಿ ಸಿಗ್ನಲ್ ಆಲಿಸುವ ಬೆಳಗಿನ ಜಾವದ ಸುತ್ತು ತಪ್ಪಿಸಲೇಬಾರದು.

ಸಿಗ್ನಲ್ ಬಂತೆಂದು ಓಡುವುದಿಲ್ಲ. ತಾಯಿ ನೆಕ್ಕಿ, ಹಾಲೂಡಿಸಲು ಕೆಲವು ಗಂಟೆ ಬಿಡುತ್ತೇವೆ. ಮರಿ ಮೂರು ಕಿಲೋ ಆಸುಪಾಸು ಇರುತ್ತದೆ. ಕೈಗವಸು, ಕಣ್ಣುಪಟ್ಟಿ, ಬಟ್ಟೆಚೀಲ, ಸ್ಪ್ರಿಂಗ್ ತಕ್ಕಡಿ ಸಾಕು. ತೂಕ, ಹಿಂಗಾಲಿನ ಉದ್ದ, ಹೊಕ್ಕುಳಬಳ್ಳಿಯ ಸ್ಥಿತಿ ಬರೆದುಕೊಂಡು ಹತ್ತು ನಿಮಿಷದೊಳಗೆ ಹೊರಡಬೇಕು. ಅವಳಿಗಳು ಒಂದೇ ಕಡೆ ಮಲಗಿರದೆ ಇರಬಹುದು, ಸುತ್ತಲೂ ಹುಡುಕಿ.

ಕಾಲರ್‌ನ ಎಲಾಸ್ಟಿಕ್ ಪಟ್ಟಿಯನ್ನು ಮಡಿಕೆ ಮಾಡಿ ಸಡಿಲ ದಾರದಲ್ಲಿ ಹೊಲಿದಿರುತ್ತದೆ. ಕುತ್ತಿಗೆ ದಪ್ಪವಾದಂತೆ ಒಂದೊಂದೇ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ದಾರ ಗಟ್ಟಿಯಾದರೆ ಕುತ್ತಿಗೆ ಬಿಗಿಯುತ್ತದೆ, ತೀರ ಸಡಿಲವಾದರೆ ಬೇಲಿಗೆ ಸಿಕ್ಕಿ ಬೇಗ ಕಳಚುತ್ತದೆ. ಹಾಕುವ ಮುನ್ನ ಕಾಲರನ್ನು ಕಾಡಿನ ಎಲೆಗಳ ಜೊತೆ ಚೀಲದಲ್ಲಿಟ್ಟು ಮನುಷ್ಯರ ವಾಸನೆ ಕಳೆಯುತ್ತೇವೆ.

ಕೆಲವು ಗಂಟೆ ಅಲುಗಾಡದಿದ್ದರೆ ಕಾಲರ್ ಸಾವಿನ ಸಿಗ್ನಲ್ ಕೊಡುತ್ತದೆ. ಎಳೇ ಮರಿ ಅಷ್ಟು ಹೊತ್ತು ಸುಮ್ಮನೆ ಮಲಗುವುದೂ ಉಂಟು, ಆದರೂ ಪ್ರತಿ ಸಿಗ್ನಲ್‌ಗೂ ಆಗಲೇ ಹೋಗಬೇಕು. ಕರಡಿ ತಿಂದಿದ್ದರೆ ಚರ್ಮ ಒಳಹೊರಗಾಗಿ ಸುಲಿದಿರುತ್ತದೆ. ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕು ಎಲೆ ಕೆದರಿ ಮುಚ್ಚಿಡುತ್ತದೆ. ತೋಳದ ಜಾತಿಯ ಕಯೋಟಿಯ ಹಲ್ಲಿನ ಗುರುತು ತಲೆ, ಕುತ್ತಿಗೆಯ ಮೇಲೆ ಹೆಚ್ಚು. ಕಡಿದ ಗಾಯದಿಂದ ಮೊದಲು ಹತ್ತಿಕಡ್ಡಿಯಲ್ಲಿ ಜೊಲ್ಲು ಒರೆಸಿಕೊಂಡು ಡಿಎನ್ಎ ಪರೀಕ್ಷೆಗೆ ತೆಗೆದಿಡಿ, ಆಮೇಲೆ ಚರ್ಮ ಸುಲಿಯಿರಿ. ಹಲ್ಲು ನಾಟಿದಲ್ಲಿ ಚರ್ಮದಡಿ ರಕ್ತ ಹೆಪ್ಪುಗಟ್ಟಿದ್ದರೆ ಕಚ್ಚುವಾಗ ಜೀವವಿತ್ತು. ಇಲ್ಲದಿದ್ದರೆ ಹಸಿವಿನಿಂದ ಸತ್ತದ್ದನ್ನು ಪ್ರಾಣಿ ತಿಂದಿರಬಹುದು; ಹೊಟ್ಟೆಯಲ್ಲಿ ಹಾಲಿನ ಗರಣೆ ಇದೆಯೇ ನೋಡಿ.

ತಡವಾಗಿ ಸಿಕ್ಕ ಮರಿಗಳನ್ನು ಬಿಡುವುದಿಲ್ಲ. ಅವು ಹಿಡಿದ ದಿನದ ವಯಸ್ಸಿನಿಂದಷ್ಟೇ ಲೆಕ್ಕಕ್ಕೆ ಸೇರುತ್ತವೆ, ಹುಟ್ಟಿನಿಂದಲ್ಲ.