ಮೊದಲು ರೋಗ ಬರಲಿ: ದುಂಡಾಣು ಅಂಗಮಾರಿಗೆ ಭತ್ತದ ನಿರೋಧಕ ಗಿಡ ಆರಿಸುವ ಕೆಲಸ

ಸೋಂಕು ಕೊಟ್ಟ ಮೇಲೂ ಹಸಿರಾಗಿ ನಿಂತ ಗಿಡಕ್ಕೆ ಎರಡು ಕಾರಣ ಇರಬಹುದು. ಒಂದೋ ಅದರೊಳಗೆ ನಿರೋಧಕ ಜೀನ್ ಇದೆ, ಇಲ್ಲವೇ ರೋಗಾಣು ಒಳಗೆ ಹೋಗಲೇ ಇಲ್ಲ. ನೋಡುವ ಕಣ್ಣಿಗೆ ಎರಡೂ ಒಂದೇ. ಹಾಗಾಗಿ ನಾವು ಸಾಲುಗಳನ್ನು ಅಳೆಯುವ ಮೊದಲು ಟಿಎನ್1 ಸಾಲಿನ ಮುಂದೆ ಕೂರುತ್ತೇವೆ. ರೋಗಕ್ಕೆ ಸುಲಭವಾಗಿ ತುತ್ತಾಗುವ ಆ ತಳಿಯನ್ನು ಪ್ರತಿ ಹತ್ತು ಸಾಲಿಗೊಂದರಂತೆ ನೆಟ್ಟಿರುತ್ತೇವೆ. ಅದರ ಗರಿಯಲ್ಲಿ ಮಚ್ಚೆ 15 ಸೆಂಟಿಮೀಟರ್ ದಾಟಿಲ್ಲ ಅಂದರೆ ಅಕ್ಕಪಕ್ಕದ ಸಾಲುಗಳಿಗೆ ಅಂಕ ಕೊಡುವುದಿಲ್ಲ.

ರೋಗಾಣುವಿನ ಹೆಸರು ಕ್ಸಾಂಥೊಮೊನಾಸ್ ಒರೈಜೆ ಪ್ಯಾಥೊವಾರ್ ಒರೈಜೆ. ಒಣಗಿದ ಭಾಗದಿಂದ ಅದನ್ನು ಬೇರ್ಪಡಿಸಲು ಹೋದರೆ ಸಿಗುವುದು ಬೇರೆ ದುಂಡಾಣುಗಳೇ. ಹಸಿರು ಮತ್ತು ಹಳದಿ ಸೇರುವ ಗಡಿಯಿಂದ ಅರ್ಧ ಸೆಂಟಿಮೀಟರ್ ಚೂರು ಕತ್ತರಿಸಿ, ಶೇ 1ರ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಒಂದು ನಿಮಿಷ ಅದ್ದಿ, ಶುದ್ಧೀಕರಿಸಿದ ನೀರಿನಲ್ಲಿ ಮೂರು ಸಲ ತೊಳೆಯುತ್ತೇವೆ. ಆ ಚೂರನ್ನು ಒಂದು ಹನಿ ನೀರಿನಲ್ಲಿ ಸಣ್ಣಗೆ ಹೆಚ್ಚಿ ಹತ್ತು ನಿಮಿಷ ಬಿಟ್ಟು, ಹೊರಬಂದ ದ್ರವವನ್ನು ತಟ್ಟೆಯ ಮೇಲೆ ಎಳೆಯುತ್ತೇವೆ. ಒಂದು ಲೀಟರ್ ಮಾಧ್ಯಮಕ್ಕೆ ಪೆಪ್ಟೋನ್ 10 ಗ್ರಾಂ, ಸುಕ್ರೋಸ್ 10 ಗ್ರಾಂ, ಗ್ಲುಟಾಮಿಕ್ ಆಮ್ಲ 1 ಗ್ರಾಂ, ಅಗರ್ 16 ಗ್ರಾಂ, ಪಿಎಚ್ 7. ತಾಪಮಾನ 28 ಡಿಗ್ರಿ.

ಇಲ್ಲಿ ಆತುರ ಕೆಡಿಸುತ್ತದೆ. ಮರುದಿನವೇ ದಪ್ಪಗೆ ಬೆಳೆದು ನಿಂತ ಹಳದಿ ಕಾಲೊನಿ ನಮಗೆ ಬೇಕಾದದ್ದಲ್ಲ. ಅದು ಎಲೆಯ ಮೇಲೆ ಸುಮ್ಮನೆ ಬದುಕುವ ಪ್ಯಾಂಟೋಯಿಯದಂಥದ್ದು. ನಮ್ಮದು ಸೋಮಾರಿ, ತಿಳಿ ಹಳದಿಯ, ದುಂಡನೆಯ, ಲೋಳೆಯಂತೆ ಹೊಳೆಯುವ ಕಾಲೊನಿ ಕಾಣಲು ಎರಡರಿಂದ ನಾಲ್ಕು ದಿನ ಬೇಕು. ಕಂಡ ಮೇಲೂ ಟಿಎನ್1 ಗರಿಗೆ ಚುಚ್ಚಿ ರೋಗ ಬಂದರೆ ಮಾತ್ರ ಅದಕ್ಕೆ ಸಂಖ್ಯೆ ಕೊಟ್ಟು, ಶೇ 20ರ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇವೆ. ತಟ್ಟೆಯಿಂದ ತಟ್ಟೆಗೆ ಬದಲಾಯಿಸುತ್ತಾ ಹೋದ ದುಂಡಾಣು ಚೆನ್ನಾಗಿಯೇ ಬೆಳೆಯುತ್ತದೆ, ಆದರೆ ಗಿಡಕ್ಕೆ ರೋಗ ತರುವ ಕಸುವು ಕಳೆದುಕೊಂಡಿರುತ್ತದೆ.

ಸೋಂಕು ಕೊಡುವ ವಿಧಾನ ಹಳೆಯದು, 1973ರಲ್ಲಿ ಪ್ರಕಟವಾದದ್ದು: ಕತ್ತರಿಯನ್ನು ದುಂಡಾಣು ನೀರಿನಲ್ಲಿ ಅದ್ದಿ ಗರಿಯ ತುದಿ ಕತ್ತರಿಸುವುದು. ಹೇಳಲು ಒಂದು ಸಾಲು, ಕೆಡಲು ಹತ್ತು ದಾರಿ.

48ರಿಂದ 72 ಗಂಟೆ ಬೆಳೆದ ದುಂಡಾಣುವನ್ನು ತಟ್ಟೆಯಿಂದ ಕೆರೆದು ಶುದ್ಧೀಕರಿಸಿದ ನೀರಿನಲ್ಲಿ ಕದಡಿ, ಒಂದು ಮಿಲಿಲೀಟರ್‌ಗೆ 10 ಕೋಟಿಯಿಂದ 100 ಕೋಟಿ ಜೀವಕೋಶ ಇರುವಂತೆ ಹದ ಮಾಡುತ್ತೇವೆ. ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 600 ನ್ಯಾನೋಮೀಟರ್‌ಗೆ ಓದು ಒಂದೇ ಬರುವಂತೆ ಪ್ರತಿ ಸಲವೂ ನೋಡಿಕೊಳ್ಳುತ್ತೇವೆ. ಆದರೆ ಆ ಯಂತ್ರಕ್ಕೆ ಸತ್ತದ್ದೂ ಬದುಕಿದ್ದೂ ಒಂದೇ. ಬೆಳಿಗ್ಗೆ ಕದಡಿದ್ದನ್ನು ಸಂಜೆ ಬಳಸಿದರೆ ಓದು ಬದಲಾಗುವುದಿಲ್ಲ, ರೋಗ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಕದಡಿದ ಎರಡು ಗಂಟೆಯೊಳಗೆ ಮುಗಿಸುತ್ತೇವೆ, ಅದೂ ಬಿಸಿಲು ಇಳಿದ ಮೇಲೆ.

ಪೈರು ತುಂಬು ತೆಂಡೆಯ ಹಂತದಲ್ಲಿರಬೇಕು, ಅಂದರೆ ಬಿತ್ತಿದ 40ರಿಂದ 50 ದಿನಕ್ಕೆ. ಗಿಡಕ್ಕೆ ಐದರಿಂದ ಎಂಟು ಗರಿ, ಪೂರ್ತಿ ಬಿಚ್ಚಿಕೊಂಡ ಮೇಲಿನವು ಮಾತ್ರ. ತುದಿಯಿಂದ 2ರಿಂದ 3 ಸೆಂಟಿಮೀಟರ್ ಕತ್ತರಿಸುತ್ತೇವೆ. ಪ್ರತಿ ಗರಿಗೂ ಕತ್ತರಿ ಅದ್ದಲೇಬೇಕು. ಒಮ್ಮೆ ಅದ್ದಿ ನಾಲ್ಕು ಗರಿ ಕತ್ತರಿಸಿದರೆ ನಾಲ್ಕನೆಯದು ನಿರೋಧಕದಂತೆ ಕಾಣುತ್ತದೆ! ಒಂದು ದುಂಡಾಣು ಬಗೆಯಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಶೇ 70ರ ಆಲ್ಕೋಹಾಲ್‌ನಲ್ಲಿ ಅದ್ದಿ, ಆಮೇಲೆ ಶುದ್ಧೀಕರಿಸಿದ ನೀರಿನಲ್ಲಿ ತೊಳೆಯುತ್ತೇವೆ. ಈ ತೊಳೆಯುವುದನ್ನು ಮರೆತರೆ ಉಳಿದ ಆಲ್ಕೋಹಾಲ್ ಮುಂದಿನ ದುಂಡಾಣುವನ್ನೂ ಕೊಲ್ಲುತ್ತದೆ. ಬರೀ ನೀರಿನಲ್ಲಿ ಅದ್ದಿದ ಕತ್ತರಿಯಿಂದ ಕತ್ತರಿಸಿದ ಕೆಲವು ಗಿಡಗಳೂ ಇರಲಿ. ಗಾಯವೊಂದರಿಂದಲೇ ತುದಿ ಎಷ್ಟು ಒಣಗುತ್ತದೆ ಎಂಬುದು ಅವುಗಳಿಂದ ಗೊತ್ತಾಗುತ್ತದೆ. ಸಾರಜನಕ ಕಡಿಮೆಯಾದ ತಾಕಿನಲ್ಲಿ ರೋಗ ಮೆತ್ತಗಾಗುವುದರಿಂದ ಎಲ್ಲ ಸಾಲಿಗೂ ಗೊಬ್ಬರ ಒಂದೇ ಪ್ರಮಾಣದಲ್ಲಿ ಬೀಳಬೇಕು.

ಜಾಗ ಉಳಿಯುತ್ತದೆಂದು ಎಳೆ ಸಸಿಗಳಲ್ಲೇ ಪರೀಕ್ಷೆ ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಎಕ್ಸ್‌ಎ21 ಎಂಬ ನಿರೋಧಕ ಜೀನ್ ಇರುವ ಪೀಳಿಗೆಯಲ್ಲಿ ಹಾಗೆ ಮಾಡಬಾರದು. ಒರೈಜಾ ಲಾಂಜಿಸ್ಟಾಮಿನಾಟ ಎಂಬ ಕಾಡುಭತ್ತದಿಂದ ಬಂದ ಈ ಜೀನ್ ಎರಡು ಎಲೆಯ ಸಸಿಯಲ್ಲಿ ಕೆಲಸ ಮಾಡುವುದಿಲ್ಲ. ಗಿಡ ಬಲಿತಂತೆ ಅದರ ಬಲ ಏರುತ್ತದೆ. ಸಸಿಯಲ್ಲಿ ಸುಟ್ಟಿತೆಂದು ಕಿತ್ತೆಸೆದದ್ದು ಒಳ್ಳೆಯ ಗಿಡವೇ ಆಗಿರಬಹುದು.

ಅಳತೆ 14ನೇ ದಿನ ಒಮ್ಮೆ, 21ನೇ ದಿನ ಮತ್ತೊಮ್ಮೆ. ಕತ್ತರಿಸಿದ ಅಂಚಿನಿಂದ ಮಚ್ಚೆ ಅತಿ ಕೆಳಗೆ ಇಳಿದ ಕಡೆಯವರೆಗೆ ಸ್ಕೇಲ್ ಇಟ್ಟು, ಐದು ಗರಿಗಳ ಸರಾಸರಿ ತೆಗೆಯುತ್ತೇವೆ. 5 ಸೆಂಟಿಮೀಟರ್ ಒಳಗಿದ್ದರೆ ನಿರೋಧಕ, 5ರಿಂದ 10 ಸಾಧಾರಣ ನಿರೋಧಕ, 10ರಿಂದ 15 ಸಾಧಾರಣ ತುತ್ತು, ಅದರ ಮೇಲೆ ಪೂರ್ತಿ ತುತ್ತು. ಈ ಗೆರೆಗಳನ್ನು ಕುರುಡಾಗಿ ನಂಬಬೇಡಿ. ಗಿಡ್ಡ ಗರಿಯ ಸಾಲಿನಲ್ಲಿ 9 ಸೆಂಟಿಮೀಟರ್ ಅಂದರೆ ಅರ್ಧ ಗರಿ ಹೋಯಿತು ಎಂದರ್ಥ. ಅಂಥಲ್ಲಿ ಗರಿಯ ಉದ್ದಕ್ಕೆ ಶೇಕಡಾ ಎಷ್ಟು ಎಂಬುದನ್ನೂ ಬರೆಯುತ್ತೇವೆ. ಒಂದೇ ಗಿಡದ ಐದು ಗರಿಗಳಲ್ಲಿ ನಾಲ್ಕು 18, ಒಂದು 2 ಎಂದು ಬಂದರೆ ಆ ಒಂದು ಕತ್ತರಿಯ ತಪ್ಪು, ಸರಾಸರಿಗೆ ಸೇರಿಸುವುದಿಲ್ಲ.

ರೋಗಾಣು ಒಳಗೆ ಹೋಗದೆ ತಪ್ಪಿಸಿಕೊಂಡ ಗಿಡಗಳು ಸಿಕ್ಕಿಬೀಳುವುದು ಲೆಕ್ಕದಲ್ಲಿ. ಎಕ್ಸ್‌ಎ21 ಪ್ರಬಲ ಜೀನ್, ಎರಡನೇ ಪೀಳಿಗೆಯಲ್ಲಿ ಮೂರು ನಿರೋಧಕಕ್ಕೆ ಒಂದು ತುತ್ತು ಬರಬೇಕು. 200 ಗಿಡಗಳಿದ್ದರೆ 150 ಮತ್ತು 50. ಬಂದದ್ದು 165 ಮತ್ತು 35 ಎಂದಿಟ್ಟುಕೊಳ್ಳಿ. ಬಂದ ಸಂಖ್ಯೆ ನಿರೀಕ್ಷೆಯಿಂದ ಎಷ್ಟು ದೂರ ಎಂದು ಅಳೆಯುವ ಕೈ ವರ್ಗ (ಕೈ-ಸ್ಕ್ವೇರ್) ಪರೀಕ್ಷೆ 6.0 ಕೊಡುತ್ತದೆ, ಮಿತಿ 3.84, ಅಂದರೆ ಈ ವ್ಯತ್ಯಾಸ ಬರೀ ಆಕಸ್ಮಿಕ ಎನ್ನಲಾಗದು. ಎರಡನೇ ಜೀನ್ ಸಿಕ್ಕಿತೆಂದು ಹಿಗ್ಗುವ ಮೊದಲು ಹಸಿರು ಗಿಡಗಳಿಗೆ ಹೊಸ ಗರಿಗಳಲ್ಲಿ ಮತ್ತೊಮ್ಮೆ ಕತ್ತರಿ ಹಾಕಿ, ಹೆಚ್ಚುವರಿ ನಿರೋಧಕಗಳು ಉಳಿಯುತ್ತವೆಯೇ ನೋಡಿ.

ಎಕ್ಸ್‌ಎ13 ಮತ್ತು ಎಕ್ಸ್‌ಎ5 ಅಪ್ರಬಲ ಜೀನ್‌ಗಳು, ಎರಡು ಪ್ರತಿ ಇದ್ದರೆ ಮಾತ್ರ ಕೆಲಸ ಮಾಡುತ್ತವೆ. ಒಂದೇ ಪ್ರತಿ ಇರುವ ಬ್ಯಾಕ್‌ಕ್ರಾಸ್ (ಮೂಲ ತಳಿಯೊಂದಿಗೆ ಮತ್ತೆ ಸಂಕರಿಸಿದ) ಗಿಡ ಟಿಎನ್1ನಂತೆಯೇ ಸುಡುತ್ತದೆ, ಅಲ್ಲಿ ಕತ್ತರಿಯಿಂದ ಏನೂ ತಿಳಿಯದು, ಜೀನ್ ಇದೆಯೇ ಎಂದು ಡಿಎನ್‌ಎಯಲ್ಲೇ ತೋರಿಸುವ ಮಾರ್ಕರ್ ಬೇಕೇ ಬೇಕು. ಮೂರೂ ಜೀನ್‌ಗಳನ್ನು ಒಂದು ತಳಿಗೆ ಸೇರಿಸುವಾಗ ಬ್ಯಾಕ್‌ಕ್ರಾಸ್‌ನಲ್ಲಿ ಎಂಟಕ್ಕೆ ಒಂದು ಗಿಡದಲ್ಲಿ ಮೂರೂ ಇರುತ್ತವೆ. ಅಂಥದ್ದು ಒಂದಾದರೂ ಸಿಗುವ ಶೇ 99ರ ಭರವಸೆಗೆ 35 ಗಿಡ ಸಾಕು. ಕೊನೆಗೆ ಸ್ವಕೀಯ ಪರಾಗಸ್ಪರ್ಶ ಮಾಡಿಸಿ ಮೂರೂ ಜೋಡಿಯಾಗಿ ಸ್ಥಿರವಾದ ಗಿಡ ಬೇಕೆಂದರೆ ಅದು 64ಕ್ಕೆ ಒಂದು, ಅದೇ ಭರವಸೆಗೆ 293 ಗಿಡ. ಬೀಜ ಉಳಿಸುವ ಲೆಕ್ಕಾಚಾರ ಎಡವುವುದು ಈ ಕೊನೆಯ ಹಂತದಲ್ಲೇ. 2008ರಲ್ಲಿ ಬಿಡುಗಡೆಯಾದ ಇಂಪ್ರೂವ್ಡ್ ಸಾಂಬಾ ಮಹಸೂರಿ ತಳಿಯಲ್ಲಿ ಇರುವುದು ಈ ಮೂರು ಜೀನ್‌ಗಳೇ.

ಎಕ್ಸ್‌ಎ21ಕ್ಕೆ ಪಿಟಿಎ248 ಮಾರ್ಕರ್ ಬಳಸುತ್ತೇವೆ. ಅಗರೋಸ್ ಜೆಲ್‌ನಲ್ಲಿ ನಿರೋಧಕದ ಪಟ್ಟಿ ದೊಡ್ಡದು, ತುತ್ತಾಗುವುದರದ್ದು ಚಿಕ್ಕದು, ಮಿಶ್ರ ಗಿಡದಲ್ಲಿ ಎರಡೂ. ಡಿಎನ್‌ಎ ಕೊಳಕಾಗಿದ್ದರೆ ದೊಡ್ಡ ಪಟ್ಟಿ ಮೊದಲು ಮಾಯವಾಗುತ್ತದೆ, ಆಗ ಮಿಶ್ರ ಗಿಡವನ್ನು ಜೀನ್ ಇಲ್ಲದ್ದೆಂದು ಬಿಸಾಡುತ್ತೇವೆ. ಇಬ್ಬರು ಪೋಷಕರು ಮತ್ತು ಮೊದಲ ಪೀಳಿಗೆ, ಈ ಮೂರರ ಡಿಎನ್‌ಎ ಪ್ರತಿ ಜೆಲ್‌ನಲ್ಲೂ ಓಡಬೇಕು.

ಒಂದೇ ಬಗೆಯ ದುಂಡಾಣುವಿನಿಂದ ಪರೀಕ್ಷಿಸಿದ ಸಾಲಿಗೆ ನಾವು ನಿರೋಧಕ ಎಂಬ ಪಟ್ಟ ಕೊಡುವುದಿಲ್ಲ. ರೋಗಾಣು ತನ್ನ ಪ್ರೋಟೀನ್ ಕಳಿಸಿ ಗಿಡದ ಸ್ವೀಟ್ ಎಂಬ ಸಕ್ಕರೆ ಸಾಗಿಸುವ ಜೀನ್ ಒಂದನ್ನು ಎಬ್ಬಿಸುತ್ತದೆ. ಎಕ್ಸ್‌ಎ13ರಲ್ಲಿ ಆ ಎಬ್ಬಿಸುವ ಗುಂಡಿ ಬದಲಾಗಿರುವುದರಿಂದ ಪ್ರೋಟೀನ್ ಅಲ್ಲಿ ಕೂರುವುದಿಲ್ಲ. ಆದರೆ ಅದೇ ಕುಟುಂಬದ ಬೇರೊಂದು ಜೀನ್ ಎಬ್ಬಿಸಬಲ್ಲ ದುಂಡಾಣುವಿಗೆ ಎಕ್ಸ್‌ಎ13 ತಡೆಯೇ ಅಲ್ಲ. ಆದ್ದರಿಂದ ಹಲವು ಬಗೆಯ ದುಂಡಾಣುಗಳನ್ನು ಪ್ರತ್ಯೇಕ ಗರಿಗಳಿಗೆ ಕೊಡುತ್ತೇವೆ. ಜೊತೆಗೆ ಒಂದೊಂದೇ ಜೀನ್ ಇರುವ ಐಆರ್‌ಬಿಬಿ ಸಾಲುಗಳನ್ನೂ, ಅವುಗಳ ಮೂಲ ತಳಿ ಐಆರ್24 ಅನ್ನೂ ನೆಡುತ್ತೇವೆ. ಐಆರ್‌ಬಿಬಿ13 ಸುಟ್ಟು ಐಆರ್‌ಬಿಬಿ21 ಉಳಿದರೆ ಆ ದುಂಡಾಣುವಿನ ಗುರುತು ಅಲ್ಲೇ ಸಿಕ್ಕಿತು.

ಬಳಸಿ ಉಳಿದ ದುಂಡಾಣು ನೀರನ್ನು 121 ಡಿಗ್ರಿಯ ಆಟೋಕ್ಲೇವ್‌ನಲ್ಲಿ 20 ನಿಮಿಷ ಇಟ್ಟ ಮೇಲೆಯೇ ಚೆಲ್ಲುತ್ತೇವೆ. ಕತ್ತರಿಸಿ ಬಿದ್ದ ಗರಿತುದಿಗಳನ್ನು ತಾಕಿನಲ್ಲಿ ಬಿಡದೆ ಚೀಲಕ್ಕೆ ತುಂಬಿ ಸುಡುತ್ತೇವೆ.